ಉರಿಯದ ಕ್ರೀಮು

ಹನಿಯಣ್ಣ ಹಂಡೆಯ ಹತ್ತಿರ ಬಂದು ನಿಂತನೆಂದರೆ ಶೆಡ್ಡಿನಲ್ಲಿ ಮಾತು ತಾನಾಗಿ ಇಳಿಯುತ್ತಿತ್ತು. ಸುಮ್ಮನಿರಿ ಎಂದು ಅವನು ಯಾರಿಗೂ ಹೇಳಿದವನಲ್ಲ. ಆದರೂ ಸೀಸೆಯಿಂದ ಹನಿ ಬೀಳುವಾಗ ಮಾತಾಡುವುದೆಂದರೆ ಮಲಗಿದ ಕೂಸಿನ ಪಕ್ಕ ತಟ್ಟೆ ಬೀಳಿಸಿದ ಹಾಗೆ ಎಂದು ಅಲ್ಲಿದ್ದವರಿಗೆಲ್ಲ ಅನ್ನಿಸಿಬಿಟ್ಟಿತ್ತು.

ಮುಖದ ಕ್ರೀಮು, ತಲೆಗೂದಲಿನ ಜೆಲ್ಲು, ಕೈ ತೊಳೆಯುವ ನೊರೆ ತಯಾರಾಗುವ ಸಣ್ಣ ಶೆಡ್ಡು ಅದು. ತಗಡಿನ ಮಾಡು, ಗೋಡೆಗೆ ತಗುಲಿಹಾಕಿದ ಫ್ಯಾನುಗಳು, ನಡುವೆ ಎದೆಯೆತ್ತರದ ಹಂಡೆ, ಅದರೊಳಗೆ ಗರಗರ ತಿರುಗುವ ರೆಕ್ಕೆ. ಎಣ್ಣೆ ಸುರಿಯುವವರು, ಮೇಣ ಕರಗಿಸುವವರು, ಪರಿಮಳ ಬೆರೆಸುವವರು ಬೇರೆ ಬೇರೆ. ಕೊನೆಯ ಹದ ಮಾತ್ರ ಅವನದು. ಅವನ ಹತ್ತಿರ ಎರಡು ಸೀಸೆ. ಹುಳಿ ಸೀಸೆಯಲ್ಲಿ ನಿಂಬೆಹುಳಿಯ ಹರಳು ಕರಗಿಸಿದ ನೀರು. ಸೋಡಾ ಸೀಸೆಯಲ್ಲಿ ಕಾಸ್ಟಿಕ್ ಸೋಡಾ, ತೀರಾ ತೆಳುವಾಗಿ ಕಲಸಿದ್ದು. ಹಂಡೆಯಲ್ಲಿರುವುದು ಸೋಡಾದ ಕಡೆ ವಾಲಿದ್ದರೆ ಹುಳಿಯ ಹನಿ, ಹುಳಿಯ ಕಡೆ ವಾಲಿದ್ದರೆ ಸೋಡಾದ ಹನಿ. ಹನಿ ಬಿಡುವುದು, ತಿರುಗಲು ಬಿಡುವುದು, ಕಾಗದದ ಪಟ್ಟಿ ಅದ್ದುವುದು, ಪಟ್ಟಿಗೆ ಬಂದ ಬಣ್ಣವನ್ನು ಡಬ್ಬದ ಮೇಲೆ ಅಚ್ಚಾಗಿರುವ ಬಣ್ಣಗಳ ಪಕ್ಕ ಹಿಡಿದು ನೋಡುವುದು. ಮಾಲೀಕರು ಅದನ್ನು ಪಿಎಚ್ ಎನ್ನುತ್ತಿದ್ದರು, ಇವನು ಹದ ಎನ್ನುತ್ತಿದ್ದ. ಹೀಗೆ ವರ್ಷಗಟ್ಟಲೆ ಹನಿ ಬಿಟ್ಟೂ ಬಿಟ್ಟೂ ಅವನ ಹೆಸರೇ ಹನಿಯಣ್ಣ ಎಂದಾಯಿತು. ಹೆತ್ತವರಿಟ್ಟ ಹೆಸರು ಸಂಬಳದ ದಿನ ಮಾತ್ರ ಹೊರಗೆ ಬರುತ್ತಿತ್ತು.

ಕೆಲಸಕ್ಕೆ ಹೊಸಬರು ಬಂದರೆ ಅವನು ಹೇಳಿಕೊಡುತ್ತಿದ್ದುದು ಎರಡೇ ಮಾತು. “ಮನುಷ್ಯರ ತೊಗಲಿಗೆ ತನ್ನದೇ ಒಂದು ಸಣ್ಣ ಹುಳಿ ಇರುತ್ತೆ. ಬಾಗಿಲಲ್ಲಿ ಕಾವಲುಗಾರ ಇದ್ದ ಹಾಗೆ. ನಾವು ಮಾಡೋ ಕ್ರೀಮು ಅವನಿಗೆ ಹೊಂದಿಕೊಂಡು ಹೋಗಬೇಕು. ಸೋಡಾ ಜಾಸ್ತಿಯಾದ್ರೆ ಕಾವಲುಗಾರನನ್ನೇ ಹೊಡೆದುಹಾಕುತ್ತೆ, ತೊಗಲು ಬಿರಿಯುತ್ತೆ. ಹುಳಿ ಜಾಸ್ತಿಯಾದ್ರೆ ಉರಿಯುತ್ತೆ.” ಇದು ಒಂದು.

ಇನ್ನೊಂದನ್ನು ಹೇಳುವಾಗ ಅವನು ಬೆರಳು ಎತ್ತುತ್ತಿದ್ದ. “ಕೈ ತಪ್ಪಿ ಹುಳಿ ಜಾಸ್ತಿ ಬಿತ್ತು ಅಂತ ಸೋಡಾ ಹಾಕೋದು, ಸೋಡಾ ಜಾಸ್ತಿಯಾಯ್ತು ಅಂತ ಮತ್ತೆ ಹುಳಿ ಹಾಕೋದು, ಈ ಉಯ್ಯಾಲೆ ಆಟ ಆಡಬೇಡಿ. ಅವೆರಡೂ ಹೊಡೆದಾಡಿ ಸತ್ತ ಜಾಗದಲ್ಲಿ ಉಪ್ಪು ಹುಟ್ಟುತ್ತೆ. ಪಟ್ಟಿ ಉಪ್ಪನ್ನ ತೋರಿಸೋದಿಲ್ಲ. ಕ್ರೀಮು ಮಾತ್ರ ಒಳಗೊಳಗೇ ಸೋಲುತ್ತೆ. ಕೈ ತಪ್ಪಿತು ಅಂದ್ರೆ ಹಂಡೆ ತೊಳೆದು ಮೊದಲಿಂದ ಶುರು ಮಾಡಿ. ನಾಚಿಕೆ ಏನಿಲ್ಲ.”

ಡಬ್ಬಿಗಳಿಗೆ ಕ್ರೀಮು ತುಂಬಿ ಮುಚ್ಚಳ ತಿರುಗಿಸುವ ಹೆಂಗಸನ್ನು ಅಲ್ಲಿ ಡಬ್ಬಿಯಕ್ಕ ಎನ್ನುತ್ತಿದ್ದರು. ಅವಳ ಬಾಯಿಗೆ ಮಾತ್ರ ಮುಚ್ಚಳವಿರಲಿಲ್ಲ. “ಅಣ್ಣ ಹೆಂಡತಿ ಹತ್ರಾನೂ ಹೀಗೇ ಇರಬೇಕು ಕಣ್ರೇ. ಒಂದು ಹನಿ ಮಾತು ಬಿಡೋದು, ಕಾಗದ ಅದ್ದಿ ನೋಡೋದು, ಆಮೇಲೆ ಇನ್ನೊಂದು ಹನಿ!”

“ಅವಳಿಗೆ ಕಾಗದ ಬೇಡ. ಅವಳೇ ಕಾಗದ” ಎನ್ನುತ್ತಿದ್ದ ಹನಿಯಣ್ಣ.

ಅದು ನಿಜವೇ. ಹೊಸ ಬಗೆಯ ಕ್ರೀಮು ಯಾವುದು ತಯಾರಾದರೂ ಅವನು ಒಂದು ಮುಚ್ಚಳದಲ್ಲಿ ಚಮಚದಷ್ಟು ತೆಗೆದುಕೊಂಡು ಮನೆಗೆ ಹೋಗುತ್ತಿದ್ದ. ಹೆಂಡತಿಯ ತೊಗಲು ಮೊದಲಿಂದಲೂ ಬಲು ಸೂಕ್ಷ್ಮ. ಹೊಸ ಬಟ್ಟೆಯ ಗಂಜಿಗೇ ಕೆಂಪಗಾಗುತ್ತಿತ್ತು. ಅವಳು ಕೈ ಚಾಚಿ ಕೂರುವಳು. ಮೊಣಕೈಯ ಒಳಮಡಿಕೆಯಲ್ಲಿ ಇವನು ಬೆರಳ ತುದಿಯಿಂದ ಹಚ್ಚುವನು. ಸ್ವಲ್ಪ ಹೊತ್ತು ಕಳೆದ ಮೇಲೆ ಅವಳು ತೀರ್ಪು ಹೇಳುವಳು. ಚೆನ್ನಾಗಿಲ್ಲದಿದ್ದರೆ “ಇರುವೆ ಓಡಾಡ್ತಿವೆ” ಎನ್ನುವಳು. ಚೆನ್ನಾಗಿದ್ದರೆ ಒಂದೇ ಮಾತು: “ಸುಮ್ಮನಿದೆ.”

ಅವಳ ಬಾಯಿಗಿಂತ ಮೊದಲು ಕಾಲು ಹೇಳುತ್ತಿತ್ತೆಂಬುದು ಅವನೊಬ್ಬನಿಗೇ ಗೊತ್ತು. ಉರಿ ಶುರುವಾಯಿತೆಂದರೆ ಅವಳ ಬಲಗಾಲ ಹೆಬ್ಬೆರಳು ಪಕ್ಕದ ಬೆರಳನ್ನು ಅಮುಕಿ ಹಿಡಿಯುವುದು. ಅವಳಿಗೇ ಅದರ ಅರಿವಿರಲಿಲ್ಲ. ಒಮ್ಮೆ ಇವನು ಆಸೆಯಿಂದ, “ಈ ಸಲ ಪಾಸು ಮಾಡೇ, ಮಾಲೀಕರು ಅವಸರ ಮಾಡ್ತಿದಾರೆ” ಎಂದಾಗ ಅವಳು ನಕ್ಕಿದ್ದಳು. “ಗಂಡನ ಮುಖ ನೋಡಿ ಮಾತಾಡೋ ತೊಗಲಲ್ಲ ರೀ ಇದು. ಹೋಗಿ ಇನ್ನೊಂದು ಹನಿ ಬಿಟ್ಟು ಬನ್ನಿ.”

ಅಂಥವಳಿಗೆ ಗಂಟಲಿನಲ್ಲಿ ಗಂಟಾಯಿತು.

ಮೊದಲು ದನಿ ಒಡೆಯಿತು. ಶೀತ ಎಂದುಕೊಂಡರು. ಆಮೇಲೆ ನುಂಗುವಾಗ ಕುತ್ತಿಗೆ ವಾಲಿಸತೊಡಗಿದಳು. ಆಸ್ಪತ್ರೆಯಲ್ಲಿ ಕೊಳವೆ ಇಳಿಸಿ ನೋಡಿ, ಚೂರು ಕತ್ತರಿಸಿ ಪರೀಕ್ಷೆಗೆ ಕಳಿಸಿ, ಕೊನೆಗೆ ಡಾಕ್ಟರು ಕರೆಂಟು ಕೊಡಬೇಕೆಂದರು. ಕರೆಂಟೆಂದರೆ ತಂತಿಯ ಕರೆಂಟಲ್ಲ, ಕಣ್ಣಿಗೆ ಕಾಣದ ಬೆಳಕಂತೆ, ಗಂಟನ್ನು ಒಳಗೇ ಸುಡುತ್ತದಂತೆ. ವಾರಗಟ್ಟಲೆ, ದಿನ ಬಿಟ್ಟು ದಿನವಲ್ಲ, ದಿನವೂ ಬರಬೇಕು.

ಹನಿಯಣ್ಣ ದಿನವೂ ಕರೆದುಕೊಂಡು ಹೋದ. ಶೆಡ್ಡಿನಲ್ಲಿ ಮಧ್ಯಾಹ್ನದ ಮೇಲೆ ಬರುವುದಾಗಿ ಹೇಳಿಕೊಂಡ. ಮಕ್ಕಳಿಲ್ಲದ ಮನೆ, ನೋಡಿಕೊಳ್ಳಲು ಹೆಂಡತಿಯ ತಂಗಿ ಬಂದು ನಿಂತಳು. ಗಂಡನನ್ನು ಎಂದೋ ಕಳೆದುಕೊಂಡವಳು, ನಾಲಿಗೆ ಹರಿತ, ಕೈ ಮೃದು.

ಆಸ್ಪತ್ರೆಯ ಆ ಕೋಣೆಗೆ ದಪ್ಪ ಬಾಗಿಲು. ಒಳಗೆ ಅವಳ ಮುಖದ ಮೇಲೆ ಬಲೆಯಂಥದೊಂದು ಮುಖವಾಡವಿಟ್ಟು, ಅಲುಗಾಡದಂತೆ ಮೇಜಿಗೆ ಬಿಗಿಯುತ್ತಾರಂತೆ. ಆಮೇಲೆ ಎಲ್ಲರೂ ಹೊರಗೆ ಬಂದುಬಿಡುತ್ತಾರೆ, ಒಳಗೆ ಅವಳೊಬ್ಬಳೇ. ಬಾಗಿಲ ಮೇಲೆ ಕೆಂಪು ದೀಪ ಹತ್ತುತ್ತದೆ. ಹನಿಯಣ್ಣ ಹೊರಗಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಆ ದೀಪ ನೋಡುತ್ತಿದ್ದ. ಅವನ ಕೈಗಳು ತೊಡೆಯ ಮೇಲೆ ಸುಮ್ಮನೆ ಬಿದ್ದಿರುತ್ತಿದ್ದವು. ಕೆಲಸವಿಲ್ಲದೆ ಕೈ ಹೀಗೆ ಬಿದ್ದಿದ್ದನ್ನು ಅವನು ಅಷ್ಟು ಕಾಲ ನೋಡಿರಲೇ ಇಲ್ಲ.

ಕೆಲವು ವಾರ ಕಳೆದ ಮೇಲೆ ಅವಳ ಕುತ್ತಿಗೆಯ ತೊಗಲು ಕಪ್ಪಿಟ್ಟಿತು, ತಳ ಹಿಡಿದ ಪಾತ್ರೆಯ ಹಾಗೆ. ಮಡಿಕೆಯಲ್ಲಿ ಸಿಪ್ಪೆ ಏಳತೊಡಗಿತು. ಗಾಳಿ ಬಿದ್ದರೂ ಉರಿ, ಬಟ್ಟೆ ತಾಗಿದರೂ ಉರಿ. ಆಸ್ಪತ್ರೆಯಲ್ಲಿ ಕೊಟ್ಟ ಮುಲಾಮು ಹಚ್ಚಿದರೆ ಕಣ್ಣಲ್ಲಿ ನೀರು ಬಂತು. ಅಲ್ಲಿನ ನರ್ಸಮ್ಮ ಒಳ್ಳೆಯವಳು, ಬಿಡಿಸಿ ಹೇಳುವವಳು. ಹನಿಯಣ್ಣನನ್ನು ಪಕ್ಕಕ್ಕೆ ಕರೆದಳು.

“ನೋಡಿ ಯಜಮಾನ್ರೇ, ಈ ಚರ್ಮ ತಡೆದುಕೊಂಡ್ರೆ ಕರೆಂಟು ಪೂರ್ತಿ ಮುಗಿಯುತ್ತೆ. ಒಡೆದು ಹುಣ್ಣಾಯ್ತು ಅಂದ್ರೆ ಡಾಕ್ಟರು ನಡುವೆ ನಿಲ್ಲಿಸ್ತಾರೆ. ನಡುವೆ ನಿಲ್ಲಿಸೋದು ಒಳ್ಳೇದಲ್ಲ. ಒಳಗಿರೋದು ಅಷ್ಟರಲ್ಲಿ ಮತ್ತೆ ಚಿಗುರುತ್ತೆ.”

“ಈ ಮುಲಾಮು ಉರಿಯುತ್ತೆ ಅಂತಾಳಮ್ಮ.”

“ಹೆಚ್ಚಿನವರಿಗೆ ಆಗಿಬರುತ್ತೆ, ಕೆಲವರಿಗೆ ಉರಿಯುತ್ತೆ. ಪರಿಮಳ ಇಲ್ಲದ್ದು, ಬಣ್ಣ ಇಲ್ಲದ್ದು, ತೀರಾ ಸಾದಾ ಕ್ರೀಮು ಸಿಕ್ಕಿದ್ರೆ ಹಚ್ಚಬಹುದು. ಮೊದಲು ನಂಗೆ ತೋರಿಸಿ. ಕರೆಂಟಿಗೆ ಬರೋ ಮುಂಚೆ ಹಚ್ಚಬೇಡಿ, ಮನೆಗೆ ಹೋದಮೇಲೆ. ತೊಗಲು ಬಾಯಿ ಬಿಟ್ಟರೆ ಮಾತ್ರ ಏನೂ ಹಚ್ಚಕೂಡದು, ತಕ್ಷಣ ನಮಗೆ ಹೇಳಿ.”

ಸಾದಾ ಕ್ರೀಮು ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಹನಿಯಣ್ಣನಿಗೆ ಬತ್ತಿದ ಬಾವಿಯಲ್ಲಿ ನೀರು ಜಿನುಗಿದ ಹಾಗಾಯಿತು. ಗಂಟಲಿನ ಗಂಟು ಅವನ ಕೈಯದಲ್ಲ, ಆ ಯಂತ್ರವೂ ಅವನ ಕೈಯದಲ್ಲ. ಉರಿಯದ ಕ್ರೀಮು ಮಾಡುವುದು ಮಾತ್ರ ಅವನ ಕೈಯದೇ. ಬಸ್ಸಿನಲ್ಲಿ ಕೂತಾಗ ಹೆಂಡತಿಗೆ ಹೇಳಿದ: “ನಾನು ಮಾಡ್ತೀನಿ ಕಣೇ. ನಿನ್ನ ತೊಗಲು ನನಗೆ ಗೊತ್ತಿಲ್ವಾ?”

ಅವಳು ಒಡೆದ ದನಿಯಲ್ಲಿ, “ಹೂಂ. ಊರಿಗೆಲ್ಲ ಮಾಡಿದ್ದಾಯ್ತು. ಈಗಾದ್ರೂ ನನಗೊಂದು ಮಾಡಿ” ಎಂದು ನಕ್ಕಳು.

ಮಾಲೀಕರನ್ನು ಕೇಳಿದ. ಬೇಕಾದ್ದು ತಗೋ ಎಂದರು. ಸಂಜೆ ಎಲ್ಲರ ಕೆಲಸ ಮುಗಿದ ಮೇಲೆ ಒಂದು ಸಣ್ಣ ಪಾತ್ರೆಯಲ್ಲಿ ಕಲಸಲು ಕೂತ. ಕಾಯಿಸಿ ಸೋಸಿದ ನೀರು, ಬಿಳಿ ಎಣ್ಣೆ, ಚೂರು ಮೇಣ, ನೀರನ್ನು ಹಿಡಿದು ನಿಲ್ಲಿಸುವ ಹುಡಿ. ಆ ಹುಡಿ ಬಲು ವಿಚಿತ್ರದ್ದು. ನೀರಿಗೆ ಹಾಕಿದರೆ ನೀರಾಗಿಯೇ ಇರುತ್ತದೆ. ಸೋಡಾದ ಹನಿ ಬಿದ್ದು ಹದಕ್ಕೆ ಬಂದ ಕ್ಷಣ ತಟ್ಟನೆ ಗಟ್ಟಿಯಾಗಿ ನಿಲ್ಲುತ್ತದೆ. ಎಷ್ಟು ಸಲ ನೋಡಿದರೂ ಹನಿಯಣ್ಣನಿಗೆ ಆ ಕ್ಷಣ ಹೊಸತೇ. ಅಂದೂ ನಿಂತಿತು. ಪಟ್ಟಿ ಅದ್ದಿದ. ತೊಗಲಿನ ಹುಳಿಗೆ ಹೊಂದುವ ಬಣ್ಣವೇ ಬಂತು.

ಮಾರನೆಯ ಬೆಳಿಗ್ಗೆ ನರ್ಸಮ್ಮ ಬೆರಳಿಗೆ ಹಚ್ಚಿ, ಮೂಸಿ, ಏನೇನಿದೆ ಎಂದು ಕೇಳಿ, “ತೆಳ್ಳಗೆ ಹಚ್ಚಿ ನೋಡಿ” ಎಂದಳು.

ಮನೆಯಲ್ಲಿ ಕಿಟಕಿಯ ಪಕ್ಕದ ಮಂಚದ ಮೇಲೆ ಅವಳು ಕುತ್ತಿಗೆ ಎತ್ತಿ ಕೂತಳು. ಹನಿಯಣ್ಣ ಹಚ್ಚಿದ. ಹೆಬ್ಬೆರಳು ಪಕ್ಕದ ಬೆರಳನ್ನು ಅಮುಕಿತು.

“ಇರುವೆಯಾ?”

“ಇರುವೆಯಲ್ಲ ರೀ. ಚೇಳು.”

ತಂಗಿ ಒದ್ದೆ ಬಟ್ಟೆ ತಂದು ಒತ್ತಿ ಒರೆಸಿದಳು. ಹನಿಯಣ್ಣ ಮುಚ್ಚಳ ಹಿಡಿದು ನಿಂತೇ ಇದ್ದ. ಹುಳಿ ಒಂದು ಕೂದಲೆಳೆಯಷ್ಟು ಜಾಸ್ತಿಯಾಗಿರಬೇಕು ಎಂದುಕೊಂಡ. ಮಾರನೆಯ ಸಂಜೆ ಅದೇ ಪಾತ್ರೆಗೆ ಸೋಡಾದ ಹನಿ ಬಿಟ್ಟ. ತಂದು ಹಚ್ಚಿದ. ಉರಿಯಿತು. ಹಾಗಾದರೆ ಸೋಡಾವೇ ಜಾಸ್ತಿಯಾಯಿತು ಎಂದುಕೊಂಡು ಅದರ ಮಾರನೆಯ ದಿನ ಹುಳಿಯ ಹನಿ. ಉರಿಯಿತು. ಪಟ್ಟಿಯ ಬಣ್ಣ ಸರಿ ಇದೆ, ತೊಗಲು ಒಪ್ಪುತ್ತಿಲ್ಲ. ಪಟ್ಟಿಗಳೇ ಹಳತಾಗಿವೆಯೇನೋ ಎಂದು ಹೊಸ ಡಬ್ಬ ತೆರೆದ. ಹೊಸ ಪಟ್ಟಿಯೂ ಅದೇ ಬಣ್ಣ ತೋರಿಸಿತು. ಮತ್ತೆ ಒಂದು ಹನಿ ಸೋಡಾ. ಮತ್ತೆ ಒಂದು ಹನಿ ಹುಳಿ.

ನಾದಿನಿ ಒಂದು ದಿನ ಬಾಗಿಲಿಗೇ ಬಂದು ನಿಂತಳು. “ಭಾವಾ, ಅಕ್ಕನ ಕತ್ತೇನು ನಿಮ್ಮ ಶೆಡ್ಡಿನ ಹಂಡೆಯಾ? ದಿನಾ ಬಂದು ಬೆರಳಾಡಿಸೋಕೆ?”

“ಇವತ್ತು ಸರಿಯಾಗಿದೆ ಕಣಮ್ಮಾ.”

“ನಿನ್ನೇನೂ ಇದೇ ಮಾತು. ಮೊನ್ನೇನೂ ಇದೇ.”

ಒಳಗಿಂದ ಹೆಂಡತಿ, “ಬರಲಿ ಬಿಡೇ” ಎಂದಳು. “ಅವರಿಗೂ ಪರೀಕ್ಷೆ, ನನಗೂ ಪರೀಕ್ಷೆ. ಯಾರಾದ್ರೂ ಒಬ್ಬರು ಪಾಸಾಗ್ಲಿ.”

ಆ ದಿನವೂ ಉರಿಯಿತು. ಅವಳು ತುಟಿ ಕಚ್ಚಿದಳು. ತಂಗಿ ಒರೆಸುತ್ತಾ ಇವನ ಕಡೆ ನೋಡಲಿಲ್ಲ. ನೋಡಿದ್ದರೆ ಬೈಯಬೇಕಾಗುತ್ತಿತ್ತು. ಬೈದಿದ್ದರೆ ಅವನಿಗೆ ಎಷ್ಟೋ ಹಗುರಾಗುತ್ತಿತ್ತು.

ಮಾರನೆಯ ಮಧ್ಯಾಹ್ನ ಶೆಡ್ಡಿನಲ್ಲಿ ಅವನ ಪಾತ್ರೆಯ ಮುಚ್ಚಳ ತೆರೆದು ನೋಡಿದವಳು ಡಬ್ಬಿಯಕ್ಕ. “ಅಣ್ಣಾ, ಇದೇನು ನಿಮ್ಮ ಕ್ರೀಮು ಅಳ್ತಾ ಇದೆ?”

ಹನಿಯಣ್ಣ ಬಂದು ಬಗ್ಗಿ ನೋಡಿದ. ಗಟ್ಟಿಯಾಗಿ ನಿಂತಿದ್ದದ್ದು ಸೋತು ತೆಳ್ಳಗಾಗಿ, ಪಾತ್ರೆಯ ಅಂಚಿನಲ್ಲಿ ನೀರು ಬಿಟ್ಟುಕೊಂಡಿತ್ತು. ಹೀಗಾದ ಕ್ರೀಮನ್ನು ಅವನು ಬೇಕಾದಷ್ಟು ನೋಡಿದ್ದ. ಹೊಸಬರ ಕೈಯಲ್ಲಿ. ನೋಡಿದ ಕೂಡಲೇ ‘ಉಯ್ಯಾಲೆ ಆಡಿದೀರಾ?’ ಎಂದು ಕೇಳುತ್ತಿದ್ದವನೇ ಅವನು.

ಉಪ್ಪು. ಹುಳಿಯೂ ಸೋಡಾವೂ ಅವನ ಪಾತ್ರೆಯಲ್ಲಿ ದಿನವೂ ಹೊಡೆದಾಡಿ ಸತ್ತು ಉಪ್ಪಾಗಿ ಕೂತಿದ್ದವು. ಪಟ್ಟಿಗೆ ಉಪ್ಪು ಕಾಣುವುದಿಲ್ಲ. ಸಿಪ್ಪೆ ಎದ್ದ ಅವಳ ಕುತ್ತಿಗೆಗೆ ಕಂಡಿತ್ತು. ಸಂಜೆ ಸಂಜೆಗೂ, ಅಷ್ಟಷ್ಟು ಹೆಚ್ಚಾಗಿ, ಅವನೇ ಕೈಯಾರ ಹಚ್ಚಿದ್ದ.

ಅವನು ತಿರುಗಿಸಿಟ್ಟ ಡ್ರಮ್ಮಿನ ಮೇಲೆ ಕೂತುಬಿಟ್ಟ. ಡಬ್ಬಿಯಕ್ಕ ಏನೋ ತಮಾಷೆ ಮಾಡಲು ಬಾಯಿ ತೆರೆದವಳು ಅವನ ಮುಖ ನೋಡಿ ಮುಚ್ಚಿದಳು. ಅವಳೇ ಆ ಪಾತ್ರೆಯನ್ನು ಎತ್ತಿಕೊಂಡು ಹೋಗಿ ಮೋರಿಗೆ ಸುರಿದು, ಬಿಸಿನೀರಲ್ಲಿ ತೊಳೆದು, ಬಟ್ಟೆಯಿಂದ ಒರೆಸಿ ತಂದು ಅವನ ಮುಂದಿಟ್ಟಳು.

“ಮೊದಲಿಂದ ಶುರು ಮಾಡಿ ಅಂತ ನೀವೇ ಹೇಳ್ತಿದ್ರಲ್ಲ ಅಣ್ಣಾ. ನಾಚಿಕೆ ಏನಿಲ್ಲ ಅಂತ.”

“ಹಂಡೆ ಆದ್ರೆ ತೊಳೀಬಹುದು ಕಣಮ್ಮಾ” ಎಂದ ಹನಿಯಣ್ಣ.

ಆ ಸಂಜೆ ಮನೆಗೆ ಹೋಗಿ ಮೊದಲು ಆಗಿದ್ದನ್ನು ಹೇಳಿದ. ಹೆಂಡತಿ ಕೇಳಿಸಿಕೊಂಡಳು. ನಾದಿನಿ ತಟ್ಟೆ ತೊಳೆಯುತ್ತಿದ್ದವಳು ನಲ್ಲಿ ನಿಲ್ಲಿಸಿ ಬಂದಳು.

“ಅಯ್ಯೋ ಭಾವಾ! ಉರಿಯೋ ಗಾಯಕ್ಕೆ ಉಪ್ಪು ಅಂತ ಗಾದೆ ಕೇಳಿದ್ದೆ. ಮಾಡೋರನ್ನ ಇವತ್ತು ನೋಡಿದೆ.”

“ಲೇ” ಎಂದಳು ಅಕ್ಕ. ಅಷ್ಟೇ ಅಂದದ್ದು. ಆಮೇಲೆ ಗಂಡನಿಗೆ, “ಸರಿ. ತಪ್ಪು ಎಲ್ಲಿ ಅಂತ ಸಿಕ್ಕಿತಲ್ಲ? ನಾಳೆ ಉಪ್ಪಿಲ್ಲದ್ದು ತನ್ನಿ” ಎಂದಳು.

ತಪ್ಪು ಸಿಕ್ಕಿತೆಂಬುದೇ ಅವನಿಗೆ ಆಸರೆಯಾಯಿತು. ಮಾರನೆಯ ದಿನ ಹೊಸ ನೀರು, ಹೊಸ ಎಣ್ಣೆ, ಹೊಸ ಮೇಣ. ಸೋಡಾವನ್ನು ಇನ್ನಷ್ಟು ತೆಳ್ಳಗೆ ಮಾಡಿಕೊಂಡ. ಹುಳಿ ಸೀಸೆಯನ್ನು ಕಪಾಟಿನಲ್ಲಿಟ್ಟು ಬಾಗಿಲು ಹಾಕಿದ, ಕೈ ಅತ್ತ ಹೋಗದಿರಲಿ ಎಂದು. ಒಂದು ಹನಿ ಬಿಡುವುದು, ಕಾಯುವುದು. ಇನ್ನೊಂದು ಹನಿಯ ಕಾಲುಭಾಗದಷ್ಟು ಕಡ್ಡಿಯ ತುದಿಯಲ್ಲಿ ಮುಟ್ಟಿಸುವುದು, ಕಾಯುವುದು. ಶೆಡ್ಡಿನ ಹೆಂಗಸರು ಮನೆಗೆ ಹೊರಡುವ ಹೊತ್ತಾದರೂ ಹೊರಡಲಿಲ್ಲ. ಚಪ್ಪಲಿ ಮೆಟ್ಟಿಕೊಂಡು ಬಾಗಿಲಲ್ಲೇ ನಿಂತಿದ್ದರು. ಕ್ರೀಮು ನಿಂತಿತು. ಪಟ್ಟಿ ಒಂದೇ ಏಟಿಗೆ ಬಣ್ಣ ಹೇಳಿತು. ಅಷ್ಟು ಚೊಕ್ಕ ಹದ ಅವನ ಕೈಯಿಂದ ಹಿಂದೆ ಬಂದಿತ್ತೋ ಇಲ್ಲವೋ. “ಬೆಣ್ಣೆ ಅಣ್ಣಾ, ಬೆಣ್ಣೆ” ಎಂದಳು ಡಬ್ಬಿಯಕ್ಕ.

ಅದನ್ನೂ ಮಾರನೆಯ ಬೆಳಿಗ್ಗೆ ನರ್ಸಮ್ಮನಿಗೆ ತೋರಿಸಿಯೇ ಮನೆಗೆ ತಂದ. ಹೆಂಡತಿ ಕುತ್ತಿಗೆ ಎತ್ತಿದಳು. ಕಾಲ ಮೇಲೆ ಹೊದಿಕೆ ಎಳೆದುಕೊಂಡಿದ್ದಳು, ಸ್ವಲ್ಪ ಚಳಿ ಎಂದು. ಹನಿಯಣ್ಣ ಉಸಿರು ಬಿಗಿಹಿಡಿದು ಹಚ್ಚಿದ. ಅವಳು ಕಣ್ಣು ಮುಚ್ಚಿದಳು. ಹೊರಗೆ ಬೀದಿಯಲ್ಲಿ ಯಾರೋ ಸೈಕಲ್ಲಿಗೆ ಗಾಳಿ ಹೊಡೆಯುತ್ತಿದ್ದ ಸದ್ದು ನಿಂತು, ಮತ್ತೆ ಶುರುವಾಯಿತು.

“ಸುಮ್ಮನಿದೆ” ಎಂದಳು.

“ನಿಜವಾಗ್ಲೂ?”

“ಸುಮ್ಮನಿದೆ ಅಂದ್ನಲ್ಲ ರೀ.”

ಹನಿಯಣ್ಣ ಅಡುಗೆಮನೆಗೆ ಹೋಗಿ ತಾನೇ ಚಹಾ ಮಾಡಿದ. ಸಕ್ಕರೆ ಎರಡು ಸಲ ಹಾಕಿದ. ನಾದಿನಿ ಕುಡಿದು, “ಇದಕ್ಕೂ ಒಂದು ಪಟ್ಟಿ ಅದ್ದಬೇಕಿತ್ತು ಭಾವಾ” ಎಂದಳು. ಅಂದಳೇ ಹೊರತು ನಗಲಿಲ್ಲ. ಅವನು ಅದನ್ನು ಗಮನಿಸಲಿಲ್ಲ. ಸಂತೋಷವೂ ಒಂದು ಬಗೆಯ ಕುರುಡೇ.

ದಿನಗಳು ಹಾಗೇ ನಡೆದವು. ಬೆಳಿಗ್ಗೆ ಆಸ್ಪತ್ರೆ, ಕೆಂಪು ದೀಪ, ಮಧ್ಯಾಹ್ನ ಶೆಡ್ಡು, ಸಂಜೆ ಮುಚ್ಚಳ. ಅವಳು ದಿನವೂ ಸುಮ್ಮನಿದೆ ಎಂದಳು. ಕುತ್ತಿಗೆ ಮಾತ್ರ ಸುಧಾರಿಸುತ್ತಿರಲಿಲ್ಲ. ಮಡಿಕೆಯ ಅಡಿಯಲ್ಲಿ ಕೆಂಪು ಹರಡುತ್ತಲೇ ಇತ್ತು. ಉರಿ ಇಲ್ಲವಲ್ಲ, ಅಷ್ಟು ಸಾಕು, ಉಳಿದದ್ದು ತಾನಾಗಿ ಮಾಯುತ್ತದೆ ಎಂದು ಅವನು ತನಗೆ ತಾನೇ ಹೇಳಿಕೊಂಡ. ಕರೆಂಟು ಮುಗಿಯಲು ಇನ್ನು ಸ್ವಲ್ಪವೇ ಉಳಿದಿತ್ತು.

ಒಂದು ಸಂಜೆ ಸೆಕೆ. ಹೊದಿಕೆಯನ್ನು ನಾದಿನಿ ಒಗೆದು ಹಗ್ಗಕ್ಕೆ ಹಾಕಿದ್ದಳು. ಹನಿಯಣ್ಣ ಬಗ್ಗಿ ಹಚ್ಚುತ್ತಿದ್ದಾಗ ಮುಚ್ಚಳ ಕೈಜಾರಿ ನೆಲಕ್ಕೆ ಉರುಳಿತು. ಎತ್ತಿಕೊಳ್ಳಲು ಕುಕ್ಕರಗಾಲಲ್ಲಿ ಕೂತ. ಕಣ್ಣ ಮುಂದೆಯೇ ಅವಳ ಪಾದ. ಹೆಬ್ಬೆರಳು ಪಕ್ಕದ ಬೆರಳನ್ನು ಹಿಡಿದ ಬಿಗಿಗೆ ಉಗುರಿನ ಸುತ್ತ ಬಿಳುಚಿತ್ತು. ಪಾದವೇ ಸೆಟೆದು ನಡುಗುತ್ತಿತ್ತು.

ಮೇಲಿಂದ ಅವಳ ದನಿ ಬಂತು. “ಸುಮ್ಮನಿದೆ.”

ಹನಿಯಣ್ಣ ಏಳಲಿಲ್ಲ. ನೆಲದ ಮೇಲೆ ಕೂತೇ ಆ ಪಾದ ನೋಡಿದ. ಅವಳಿಗೆ ತಿಳಿಯಿತು. ಕಾಲು ಎಳೆದುಕೊಳ್ಳಲು ನೋಡಿದಳು, ಜಾಗವಿರಲಿಲ್ಲ.

“ಮೊದಲ ದಿನದಿಂದಲೇನಾ?” ಎಂದು ಕೇಳಿದ.

ಬಾಗಿಲಲ್ಲಿ ಬಂದು ನಿಂತ ತಂಗಿಯೇ ಹೇಳಿದಳು. “ಮೊದಲ ದಿನದಿಂದಲೇ ಭಾವಾ. ನೀವು ಅತ್ತ ಹೋದ ಮೇಲೆ ದಿನಾ ಒರೆಸ್ತಿದ್ದೆ. ಬಾಯಿ ಬಿಟ್ಟರೆ ನನ್ನ ಮೇಲಾಣೆ ಅಂತ ನನ್ನ ಬಾಯಿ ಕಟ್ಟಿಹಾಕಿದ್ಲು. ನನಗೂ ಸಾಕಾಗಿಹೋಗಿದೆ. ನುಂಗೋಕೂ ಆಗಲ್ಲ, ಉಗುಳೋಕೂ ಆಗಲ್ಲ.”

“ಸುಳ್ಳು ಹೇಳಿದೆ ನೀನು” ಎಂದ ಹನಿಯಣ್ಣ ಹೆಂಡತಿಗೆ. ಬೈಗುಳದ ದನಿಯಲ್ಲ, ನಂಬಲಾಗದವನ ದನಿ. “ಒಂದು ದಿನಾನೂ ಹೇಳದವಳು.”

“ನೀವು ಬಾಗಿಲಲ್ಲಿ ಬರೋವಾಗ ನಿಮ್ಮ ಮುಖ ನೀವು ನೋಡಿಲ್ಲ” ಎಂದಳು ಅವಳು. ಒಂದೊಂದು ಮಾತಿಗೂ ಗಂಟಲು ಸವರಿಕೊಂಡಂತೆ ನಿಧಾನ. “ಆ ಮುಚ್ಚಳ ಹಿಡ್ಕೊಂಡು. ಬಹುಮಾನ ತಂದೋರ ಹಾಗೆ. ಆ ಮುಖಕ್ಕೆ ಚೇಳು ಅಂತ ಎಷ್ಟು ಸಲ ಹೇಳ್ಲಿ ರೀ?”

ಮಾರನೆಯ ಬೆಳಿಗ್ಗೆ ಆಸ್ಪತ್ರೆಯಲ್ಲಿ ಮುಖವಾಡ ಬಿಗಿಯುವ ಮೊದಲು ಅವಳ ಕುತ್ತಿಗೆಗೆ ದೀಪ ಹಿಡಿದು ನೋಡಿದರು. ಮಡಿಕೆಯಲ್ಲಿ ತೊಗಲು ಬಾಯಿ ಬಿಟ್ಟಿತ್ತು. ಡಾಕ್ಟರು ಬಂದು ನೋಡಿ, ಇವತ್ತು ಬೇಡ, ಇದು ಒಣಗುವ ತನಕ ಬೇಡ ಎಂದರು. ಎಷ್ಟು ದಿನ ಎಂದು ಕೇಳಿದರೆ, ನೋಡೋಣ ಎಂದರು. ಅವಳ ಮುಖದ ಅಳತೆಯ ಆ ಬಲೆಯ ಮುಖವಾಡವನ್ನು ಒಬ್ಬರು ತೆಗೆದುಕೊಂಡು ಹೋಗಿ ಗೋಡೆಯ ಗೂಡಿನಲ್ಲಿ, ಬೇರೆಯವರ ಮುಖವಾಡಗಳ ಸಾಲಿನಲ್ಲಿ ಇಟ್ಟರು.

ಹನಿಯಣ್ಣ ನರ್ಸಮ್ಮನ ಹಿಂದೆ ಹೋದ. “ಅಮ್ಮಾ, ಒಂದು ಮಾತು. ನಾನು ಹಚ್ಚಿದ್ದರಿಂದ ಆಯ್ತಾ? ಮೊದಲು ಹಚ್ಚಿದ್ದರಲ್ಲಿ ಉಪ್ಪಿತ್ತು. ಆಮೇಲೆ ಮಾಡಿದ್ದು ಸರಿಯಾಗಿತ್ತು, ಆಣೆಗೂ ಸರಿಯಾಗಿತ್ತು.”

ನರ್ಸಮ್ಮ ಟ್ರೇ ಕೆಳಗಿಟ್ಟಳು. “ಇಲ್ಲ ಯಜಮಾನ್ರೇ. ಕರೆಂಟು ಒಳಗಿಂದ ಸುಡುತ್ತೆ. ಹಚ್ಚಿದ್ರೂ ಒಡೀತಿತ್ತು, ಹಚ್ಚದಿದ್ರೂ ಒಡೀತಿತ್ತು. ನಿಮ್ಮ ಕ್ರೀಮು ಚೆನ್ನಾಗೇ ಇತ್ತು. ಈ ಹಂತಕ್ಕೆ ಬಂದ ಚರ್ಮಕ್ಕೆ ಬರೀ ನೀರು ಬಿದ್ದರೂ ಉರಿಯುತ್ತೆ. ನಿಮ್ಮ ತಪ್ಪೇನಿಲ್ಲ.”

ಸಮಾಧಾನವಾಗಲಿ ಎಂದು ಆಕೆ ಹೇಳಿದ್ದು. ಹನಿಯಣ್ಣ ತಲೆಯಾಡಿಸಿದ. ತಪ್ಪು ತನ್ನದಾಗಿದ್ದರೆ ತಿದ್ದಬಹುದಿತ್ತು. ಪಾತ್ರೆ ತೊಳೆದು ಮೊದಲಿಂದ ಶುರು ಮಾಡಬಹುದಿತ್ತು. ಅವನು ಅಷ್ಟು ವರ್ಷ ನಂಬಿಕೊಂಡು ಬಂದದ್ದು ಒಂದನ್ನೇ: ಉರಿಯುತ್ತಿದೆ ಎಂದರೆ ಹದ ತಪ್ಪಿದೆ, ಹದ ತಪ್ಪಿದ್ದರೆ ಅದನ್ನು ಸರಿಮಾಡುವ ಹನಿ ಎರಡು ಸೀಸೆಗಳಲ್ಲಿ ಒಂದರಲ್ಲಿ ಇದ್ದೇ ಇದೆ.

ಮನೆಗೆ ಬಂದರು. ನರ್ಸಮ್ಮ ಹೇಳಿಕೊಟ್ಟ ಹಾಗೆ ನಾದಿನಿ ಆಸ್ಪತ್ರೆಯ ಮೆತ್ತನೆ ಪಟ್ಟಿಯನ್ನು ಕುತ್ತಿಗೆಯ ಗಾಯದ ಮೇಲೆ ಹಗುರವಾಗಿ ಹೊದಿಸಿದಳು. ಹನಿಯಣ್ಣ ಶೆಡ್ಡಿಗೆ ಹೋದ. ಹಂಡೆಯಲ್ಲಿ ಯಾರದೋ ಮುಖಕ್ಕೆ ಹೋಗುವ ಕ್ರೀಮು ತಿರುಗುತ್ತಿತ್ತು. ಸೀಸೆ ಹಿಡಿದು ನಿಂತ. ಮಾತು ಇಳಿಯಿತು. ಕೈ ತನ್ನ ಪಾಡಿಗೆ ತಾನು ಹನಿ ಬಿಟ್ಟಿತು, ಪಟ್ಟಿ ತನ್ನ ಪಾಡಿಗೆ ತಾನು ಬಣ್ಣ ತೋರಿಸಿತು. ಡಬ್ಬಿಯಕ್ಕ, “ಅಕ್ಕ ಹೇಗಿದಾರೆ?” ಎಂದು ಕೇಳಿದಾಗ ಅವನು “ನಿಲ್ಲಿಸಿದಾರೆ” ಎಂದ. ಅವಳು ಡಬ್ಬಿಗಳ ಮುಚ್ಚಳ ತಿರುಗಿಸುತ್ತಾ ಹೋದಳು.

ಸಂಜೆ ಬರಿಗೈಯಲ್ಲಿ ಮನೆಗೆ ಬಂದ. ಹೆಂಡತಿ ದಿಂಬಿಗೆ ಒರಗಿ ಕೂತಿದ್ದವಳು ಅವನ ಕೈ ನೋಡಿದಳು.

“ಇವತ್ತು ತಂದಿಲ್ವಾ?”

“ಹಚ್ಚಕೂಡದಲ್ಲೇ ಈಗ.”

“ನಿನ್ನೇದು ಇರಬೇಕಲ್ಲ. ಎಲ್ಲಿಟ್ಟಿದೀರಿ?”

ಮುಚ್ಚಳ ಕಿಟಕಿಯ ಕಟ್ಟೆಯ ಮೇಲೇ ಇತ್ತು. ಅಂಚು ಸ್ವಲ್ಪ ಒಣಗಿದ್ದರೂ ನಡುವೆ ಹಾಗೇ ನಿಂತಿತ್ತು. ಅವಳು ಬಲಗೈ ಚಾಚಿ ಮೊಣಕೈಯ ಒಳಮಡಿಕೆ ತೋರಿಸಿದಳು. ಆಸ್ಪತ್ರೆಯ ಸೂಜಿಗಳು ಚುಚ್ಚಿ ಅಲ್ಲಿ ಸಣ್ಣ ಕಲೆಗಳಾಗಿದ್ದವು. ತೊಗಲು ಮಾತ್ರ ಹಳೆಯದೇ, ತೆಳುವಾದದ್ದು, ನೀಲಿ ನರ ಕಾಣುವಂಥದು.

ಹನಿಯಣ್ಣ ಮಂಚದ ತುದಿಯಲ್ಲಿ ಕೂತು, ಬೆರಳ ತುದಿಯಲ್ಲಿ ಚೂರು ತೆಗೆದು ಅಲ್ಲಿ ಹಚ್ಚಿದ. ಹಚ್ಚಿ ಅವಳ ಮುಖ ನೋಡಲಿಲ್ಲ. ಕಾಲು ನೋಡಿದ. ಬೆರಳುಗಳು ಸಡಿಲವಾಗಿ, ಒಂದಕ್ಕೊಂದು ತಾಗದೆ ಬಿದ್ದಿದ್ದವು.

“ಸುಮ್ಮನಿದೆ” ಎಂದಳು.

“ಹೂಂ” ಎಂದ ಅವನು. “ಸುಮ್ಮನಿದೆ.”

ನಾದಿನಿ ಬಂದು ಕಿಟಕಿಯ ಬಾಗಿಲು ಅರ್ಧ ಎಳೆದಳು, ಗಾಳಿ ನೇರ ಕುತ್ತಿಗೆಗೆ ಬೀಳದ ಹಾಗೆ. ಗಾಯದ ಪಟ್ಟಿಯ ಅಂಚಿನಲ್ಲಿ ಒದ್ದೆ ಕಾಣಿಸಿಕೊಂಡಿತ್ತು. ಹನಿಯಣ್ಣ ಅದನ್ನು ನೋಡಿದ. ಮೊಣಕೈಯ ಮೇಲಿಟ್ಟ ಬೆರಳನ್ನು ಅಲ್ಲಿಂದ ತೆಗೆಯಲಿಲ್ಲ.